ನೀತಿವಂತರೂ ಪೂರ್ವಪಕ್ಷವೂ

ಕ್ರೈಸ್ತರ ವೇದಪುಸ್ತಕದಲ್ಲಿ, ಲೂಕನು ಬರೆದ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ, ಒಂದು ಸಣ್ಣ ಕಥೆಯುಂಟು. ಇಬ್ಬರು ಪ್ರಾರ್ಥನೆಗಾಗಿ ದೇವಾಲಯಕ್ಕೆ ಹೋಗುತ್ತಾರೆ. ಒಬ್ಬನು ಫರಿಸಾಯನು, ಎಂದರೆ ಶಾಸ್ತ್ರೋಕ್ತವಾದ ಆಚಾರವನ್ನು ಕೂದಲೆಳೆಯಷ್ಟೂ ತಪ್ಪದೆ ನಡೆಯಿಸತಕ್ಕವನು. ಇನ್ನೊಬ್ಬನು ಸುಂಕವನ್ನು ವಸೂಲುಮಾಡುವವನು, ಊರಿನವರೆಲ್ಲರ ತಿರಸ್ಕಾರಕ್ಕೆ ಪಾತ್ರನಾದವನು. ಫರಿಸಾಯನು ತಾನು ವಾರಕ್ಕೆರಡು ಉಪವಾಸ ಮಾಡುವುದನ್ನೂ ಆದಾಯದಲ್ಲಿ ಹತ್ತರಲ್ಲೊಂದು ಪಾಲನ್ನು ಕೊಡುವುದನ್ನೂ ದೇವರಿಗೆ ಲೆಕ್ಕವೊಪ್ಪಿಸಿ, ತಾನು ಆ ಸುಂಕದವನ ಹಾಗೆ ಇಲ್ಲದಿರುವುದಕ್ಕಾಗಿ ಕೃತಜ್ಞತೆಯನ್ನು ಸಲ್ಲಿಸುತ್ತಾನೆ. ಸುಂಕದವನು ದೂರದಲ್ಲಿ ನಿಂತು, ತಲೆಯನ್ನೆತ್ತದೆ, ಎದೆಯನ್ನು ಬಡಿದುಕೊಂಡು ದಯೆಯನ್ನು ಬೇಡುತ್ತಾನೆ. ದೇವರಿಗೆ ಒಪ್ಪಿತನಾಗಿ ಮನೆಗೆ ಹೋದವನು ಇವನೇ ಎಂದು ಯೇಸುಸ್ವಾಮಿಯು ಕಥೆಯನ್ನು ಮುಗಿಸುತ್ತಾನೆ.

ಈ ಕಥೆಯಲ್ಲಿ ಒಂದು ಬಲೆಯಿರುವುದನ್ನು ವಾಚಕರು ಗಮನಿಸಬೇಕು. ಕೇಳಿದವನು "ಸದ್ಯ, ನಾನು ಆ ಫರಿಸಾಯನಂಥವನಲ್ಲ" ಎಂದುಕೊಂಡನೋ, ಆ ಗಳಿಗೆಯಲ್ಲಿಯೇ ಅವನು ಫರಿಸಾಯನ ಪಕ್ಕದಲ್ಲಿ ನಿಂತಂತಾಯಿತು. ಇದನ್ನು ಓದುತ್ತಿರುವ ಹಿಂದೂ ಗೃಹಸ್ಥನು "ಸದ್ಯ, ನಾವು ಕ್ರೈಸ್ತರ ಹಾಗಲ್ಲ" ಎಂದುಕೊಂಡರೂ ಬಲೆಯು ಅದೇ. ತಾನೇ ನೀತಿವಂತನೆಂಬ ಅಭಿಮಾನವು ಕೆಟ್ಟವರಿಗೆ ಬರುವ ರೋಗವಲ್ಲ. ಅದು ಒಳ್ಳೆಯವರಿಗೆ, ಅದರಲ್ಲಿಯೂ ವ್ರತನಿಯಮಗಳನ್ನು ನಿಜವಾಗಿ ಪಾಲಿಸುವವರಿಗೆ ಬರುವ ರೋಗ. ಆದುದರಿಂದಲೇ ಚಿಕಿತ್ಸೆಯು ಕಷ್ಟ.

ಪ್ರಾಸಂಗಿಕವಾಗಿ ಒಂದು ಮಾತು. ಫರಿಸಾಯರೆಂದರೆ ಕಪಟಿಗಳೆಂದು ಅನೇಕರು ತಿಳಿದಿರುವುದುಂಟು. ಅವರ ವಿಷಯವನ್ನು ಅವರ ಎದುರಾಳಿಗಳ ಬಾಯಿಂದ ಮಾತ್ರ ಕೇಳಿದುದರ ಫಲವಿದು. ಯೆಹೂದ್ಯರ ತಾಲ್ಮೂದ್ ಎಂಬ ಗ್ರಂಥದಲ್ಲಿ ಹಿಲ್ಲೇಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಆಚಾರ್ಯರ ಶಿಷ್ಯಪರಂಪರೆಗಳ ಪ್ರಸ್ತಾಪವಿದೆ. ಎರಡೂ ಪಕ್ಷಗಳ ಮಾತು ದೇವರ ಮಾತೇ ಆಗಿದ್ದರೂ ಆಚರಣೆಯಲ್ಲಿ ಹಿಲ್ಲೇಲನವರ ನಿರ್ಣಯವೇ ನಿಂತುದೇಕೆಂಬ ಪ್ರಶ್ನೆ ಅಲ್ಲಿ ಬರುತ್ತದೆ. ಅವರು ಸೌಮ್ಯರಾಗಿದ್ದು, ತಮ್ಮ ಮಾತಿನೊಂದಿಗೆ ಎದುರು ಪಕ್ಷದ ಮಾತನ್ನೂ ಪಾಠ ಹೇಳುತ್ತಿದ್ದುದೂ, ಅದನ್ನು ತಮ್ಮ ಮಾತಿಗಿಂತ ಮೊದಲೇ ಹೇಳುತ್ತಿದ್ದುದೂ ಅದಕ್ಕೆ ಕಾರಣವೆಂದು ಉತ್ತರ. ಫರಿಸಾಯರ ಮಾರ್ಗದ ವಾರಸುದಾರರು ಕಾಪಾಡಿಕೊಂಡು ಬಂದ ನೆನಪಿದು.

ಎದುರು ಪಕ್ಷವನ್ನು ಮೊದಲು ಹೇಳುವ ಈ ಕ್ರಮಕ್ಕೆ ನಮ್ಮಲ್ಲಿ ಪೂರ್ವಪಕ್ಷವೆಂದು ಹೆಸರು. ಮೀಮಾಂಸಕರು ಒಂದು ಅಧಿಕರಣಕ್ಕೆ ಐದು ಅಂಗಗಳನ್ನು ವಿಧಿಸುವರಷ್ಟೆ: ಮೊದಲು ವಿಷಯ, ಅದರಲ್ಲಿ ಸಂಶಯ, ಆಮೇಲೆ ಪೂರ್ವಪಕ್ಷ, ಅನಂತರವೇ ಸಿದ್ಧಾಂತ, ಕೊನೆಗೆ ಸಂಗತಿ. ಸಿದ್ಧಾಂತವು ಎಷ್ಟೇ ದೃಢವಾಗಿದ್ದರೂ ಪೂರ್ವಪಕ್ಷವನ್ನು ಹಾರಿಸಿ ಅಲ್ಲಿಗೆ ಹೋಗುವಂತಿಲ್ಲ. ಗೌತಮರ ನ್ಯಾಯಸೂತ್ರದಲ್ಲಿ ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವ ಚರ್ಚೆಗೆ ವಾದವೆಂದೂ, ಗೆಲ್ಲುವುದಕ್ಕಾಗಿಯೇ ನಡೆಯುವುದಕ್ಕೆ ಜಲ್ಪವೆಂದೂ, ತನ್ನದೆಂಬ ಪಕ್ಷವೊಂದಿಲ್ಲದೆ ಇತರರದನ್ನು ಕೆಡಹುವುದಕ್ಕೆ ವಿತಂಡೆಯೆಂದೂ ಹೆಸರಿಟ್ಟಿದೆ. ಈ ನಿಯಮವನ್ನು ನಮ್ಮವರೆಲ್ಲರೂ ಪಾಲಿಸಿದರೆಂದು ನಾನು ಹೇಳಲಾರೆ. ಎದುರಾಳಿಯ ಮಾತಿನ ಒಂದು ಕಾಲನ್ನು ಮುರಿದು ನಿಲ್ಲಿಸಿ, ಆಮೇಲೆ ಓಟದಲ್ಲಿ ಗೆದ್ದೆವೆಂದು ಬೀಗುವ ಗ್ರಂಥಗಳು ಸಂಸ್ಕೃತದಲ್ಲಿ ಬೇಕಾದಷ್ಟಿವೆ. ಚಾರ್ವಾಕರ ಮತವೇನೆಂಬುದನ್ನು ಇಂದು ನಾವು ಬಹುಮಟ್ಟಿಗೆ ಅವರನ್ನು ಖಂಡಿಸಿದವರ ಪುಸ್ತಕಗಳಿಂದಲೇ ತಿಳಿಯಬೇಕಾಗಿದೆ. ಆದರೂ ನಿಯಮವು ನಿಯಮವೇ. ಅದನ್ನು ಪಾಲಿಸಿದವನೊಬ್ಬನ ಚರಿತ್ರೆಯನ್ನು ಈ ತಿಂಗಳು ಹೇಳಬೇಕೆಂದಿದ್ದೇನೆ. ಅವನಿಗೆ ಸಂಸ್ಕೃತದ ಗಂಧವೂ ಇರಲಿಲ್ಲ. ಅವನು 16ನೆಯ ಶತಮಾನದ ಯೂರೋಪಿನ ಒಬ್ಬ ಬಡ ಉಪಾಧ್ಯಾಯನು.

ಸೆಬಾಸ್ಟಿಯನ್ ಕಾಸ್ಟೆಲಿಯೊ ಎಂಬ ಈತನು 1515ರಲ್ಲಿ, ಈಗಿನ ಫ್ರಾನ್ಸ್ ದೇಶದ ಪೂರ್ವದಲ್ಲಿರುವ ಒಂದು ಹಳ್ಳಿಯಲ್ಲಿ ಹುಟ್ಟಿದನು. ಲಿಯೋನ್ ಪಟ್ಟಣದಲ್ಲಿ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಕಲಿತನು. ಪೋಪರ ಅಧಿಕಾರವನ್ನು ತೊರೆದ ಹೊಸ ಕ್ರೈಸ್ತಮಾರ್ಗವು ಆಗ ಹರಡುತ್ತಿದ್ದ ಕಾಲ. ಆ ಮಾರ್ಗದ ಮಹಾಪಂಡಿತನಾದ ಜಾನ್ ಕಾಲ್ವಿನನನ್ನು ಕಾಸ್ಟೆಲಿಯೊ 1540ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಸಂಧಿಸಿ, ಕೆಲವು ಕಾಲ ಅವನ ಮನೆಯಲ್ಲಿಯೇ ಉಳಿದನು. ಮರುವರ್ಷ ಕಾಲ್ವಿನನು ಜಿನೀವಾ ನಗರಕ್ಕೆ ಹಿಂತಿರುಗಿದಾಗ ಅಲ್ಲಿಯ ಶಾಲೆಯ ಮುಖ್ಯಸ್ಥಾನವು ಕಾಸ್ಟೆಲಿಯೊಗೆ ದೊರೆಯಿತು. ಮಕ್ಕಳಿಗೆ ಲ್ಯಾಟಿನ್ ಭಾಷೆಯನ್ನು ಕಲಿಸುವುದಕ್ಕಾಗಿ ಬೈಬಲಿನ ಕಥೆಗಳನ್ನು ಸಂಭಾಷಣೆಗಳ ರೂಪದಲ್ಲಿ ಬರೆದು ಅವನೊಂದು ಪಾಠಪುಸ್ತಕವನ್ನು ರಚಿಸಿದನು. ಅದು ಅವನು ಸತ್ತ ಮೇಲೂ ಬಹುಕಾಲ ಅನೇಕ ದೇಶಗಳ ಶಾಲೆಗಳಲ್ಲಿ ನಡೆಯಿತು. ಉಪಾಧ್ಯಾಯನಾಗಿದ್ದವನಿಗೆ ಇದಕ್ಕಿಂತ ದೊಡ್ಡ ಭಾಗ್ಯವೊಂದು ತೋರುವುದಿಲ್ಲ; ಆದರೆ ಆ ಮಾತು ಬೇರೆ.

ಕಾಲ್ವಿನನನ್ನು ಸಣ್ಣ ಮನುಷ್ಯನೆಂದು ಯಾರೂ ತಿಳಿಯಬಾರದು. ಅಪಾರ ವಿದ್ವತ್ತು, ಅನಾರೋಗ್ಯದಲ್ಲಿಯೂ ಬಿಡದ ದುಡಿಮೆ, ಧನದಲ್ಲಿ ನಿಸ್ಪೃಹತೆ, ದೇಶಭ್ರಷ್ಟರಾಗಿ ಓಡಿಬಂದವರಿಗೆ ಆಶ್ರಯ, ಇವೆಲ್ಲವೂ ಅವನಲ್ಲಿದ್ದುವು. ಆದರೆ ದೇವರ ವಾಕ್ಯದ ಅರ್ಥವು ತನಗೆ ತಿಳಿದಿದೆಯೆಂಬ ನಂಬಿಕೆಗೂ, ತನಗೆ ತಿಳಿದುದೇ ದೇವರ ವಾಕ್ಯವೆಂಬ ನಂಬಿಕೆಗೂ ನಡುವೆ ಇರುವ ಗೆರೆಯು ಅವನಿಗೆ ಕಾಣಿಸದೆ ಹೋಯಿತು.

1544ರಲ್ಲಿ ಕಾಸ್ಟೆಲಿಯೊ ಸಭಾಪಾಲಕನಾಗಲು ಅಪೇಕ್ಷಿಸಿದನು. ಪರೀಕ್ಷೆಯಲ್ಲಿ ಎರಡು ಭಿನ್ನಾಭಿಪ್ರಾಯಗಳು ಹೊರಬಿದ್ದುವು. ಬೈಬಲಿನಲ್ಲಿ ಸೇರಿರುವ ಪರಮಗೀತೆಯು ಲೌಕಿಕವಾದ ಶೃಂಗಾರಕಾವ್ಯವೆಂದು ಇವನ ಮತ. ಅದು ಪವಿತ್ರಾರ್ಥವುಳ್ಳದ್ದೆಂದು ಕಾಲ್ವಿನನ ಮತ. ಕ್ರಿಸ್ತನು ಪಾತಾಳಕ್ಕಿಳಿದನೆಂಬ ವಿಶ್ವಾಸವಾಕ್ಯವನ್ನು ಕಾಲ್ವಿನನು ಅರ್ಥೈಸಿದ ರೀತಿ ಇವನಿಗೆ ಒಪ್ಪಿಗೆಯಾಗಲಿಲ್ಲ. ಇಷ್ಟೇ. ಪದವಿಯು ತಪ್ಪಿತು. ಇವನ ನಡತೆಯಲ್ಲಿ ದೋಷವಿಲ್ಲವೆಂದೂ, ಧರ್ಮದ ಮುಖ್ಯತತ್ತ್ವಗಳಲ್ಲಿ ಭೇದವಿಲ್ಲವೆಂದೂ, ಈ ಎರಡು ವಿಷಯಗಳೇ ನಿರಾಕರಣೆಗೆ ಕಾರಣವೆಂದೂ ಕಾಲ್ವಿನನೇ ಒಂದು ಯೋಗ್ಯತಾಪತ್ರವನ್ನು ಬರೆದುಕೊಟ್ಟನು. ಆ ಪತ್ರವು ಪ್ರಾಮಾಣಿಕವಾದುದೆಂದು ಒಪ್ಪಲೇಬೇಕು.

ಬೇರೆಡೆ ಕೆಲಸ ದೊರೆಯದೆ ಕಾಸ್ಟೆಲಿಯೊ ಜಿನೀವಾಕ್ಕೆ ಮರಳಿದನು. ಆ ವರ್ಷದ ಮೇ ತಿಂಗಳಿನಲ್ಲಿ ವೇದಪಠನದ ಸಭೆಯೊಂದರಲ್ಲಿ ಎದ್ದುನಿಂತು, ಅಪೊಸ್ತಲನಾದ ಪೌಲನ ತಾಳ್ಮೆ ಉಪವಾಸಗಳನ್ನೂ ಜಿನೀವಾದ ಪಾಲಕರ ಸುಖಜೀವನವನ್ನೂ ಒಂದೊಂದಾಗಿ ಎದುರೆದುರಿಗಿಟ್ಟು ಹೋಲಿಸಿ, ಕೂತಿದ್ದ ಪಾಲಕರನ್ನೆಲ್ಲ ನಾಚಿಸಿದನು. ಈ ಭಾಷಣವು ನನಗೆ ಹಿಡಿಸುವುದಿಲ್ಲ. ಸುಂಕದವನನ್ನು ಬೆರಳಿಟ್ಟು ತೋರಿಸಿದ ಫರಿಸಾಯನ ಧ್ವನಿಯೇ ಇದರಲ್ಲಿಯೂ ಕೇಳಿಬರುತ್ತದೆ. ನಗರಸಭೆಯಲ್ಲಿ ದೂರಾಯಿತು, ಕಾಸ್ಟೆಲಿಯೊ ಊರನ್ನು ಬಿಟ್ಟು ಬಾಸೆಲಿಗೆ ಹೊರಟನು.

ಬಾಸೆಲ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದು, ಶಾಲೆಗಳನ್ನೂ ಮುದ್ರಣಾಲಯವನ್ನೂ ಹೆಂಚಿನ ಕಾರ್ಖಾನೆಗಳನ್ನೂ ನಡೆಯಿಸಿ, 1894ರಲ್ಲಿ ಕಿಟ್ಟೆಲರ ನಿಘಂಟನ್ನು ಹೊರತಂದ ಮಿಷನ್ನಿನವರಿಗೆ ಈ ಊರೇ ಮೂಲ. ಆದರೆ ಅದು ನಮ್ಮ ಕಥೆಗೆ ಸುಮಾರು ಮುನ್ನೂರು ವರ್ಷಗಳ ಅನಂತರದ ಸಂಗತಿ. ಕಾಸ್ಟೆಲಿಯೊ ಅಲ್ಲಿ ಒಪೊರಿನಸ್ ಎಂಬ ಮುದ್ರಕನ ಬಳಿ ಅಚ್ಚಿನ ಕರಡನ್ನು ತಿದ್ದುವ ಕೆಲಸಕ್ಕೆ ನಿಂತನು. ಈ ಒಪೊರಿನಸನೂ ಸಾಮಾನ್ಯನಲ್ಲ. ಕುರಾನಿನ ಲ್ಯಾಟಿನ್ ಅನುವಾದವನ್ನು ಅಚ್ಚುಹಾಕಲು ಹೋಗಿ ಸೆರೆಮನೆಯನ್ನು ಕಂಡುಬಂದು, ಕೊನೆಗೆ 1543ರಲ್ಲಿ ಅದನ್ನು ಪ್ರಕಟಿಸಿಯೇ ತೀರಿದವನು. ಕಾಸ್ಟೆಲಿಯೊವಿನ ಸಂಬಳವು ಹೆಂಡತಿಮಕ್ಕಳ ಹೊಟ್ಟೆಗೆ ಸಾಲದು. ರೈನ್ ನದಿಗೆ ಪ್ರವಾಹ ಬಂದಾಗ ತೇಲಿಬರುವ ಮರದ ತುಂಡುಗಳನ್ನು, ನಮ್ಮ ದೋಟಿಯಂಥ ಒಂದು ಕೊಕ್ಕೆಕೋಲಿನಿಂದ ಎಳೆದು, ಚಳಿಗಾಲಕ್ಕೆ ಸೌದೆಮಾಡಿಕೊಳ್ಳುತ್ತಿದ್ದನು. ಉಳಿದ ಹೊತ್ತಿನಲ್ಲಿ ಸಮಗ್ರ ಬೈಬಲನ್ನು ಲ್ಯಾಟಿನ್ನಿಗೆ ಭಾಷಾಂತರಿಸುತ್ತಿದ್ದನು. 1551ರಲ್ಲಿ ಆ ಗ್ರಂಥವು ಹೊರಬಂದಿತು; 1553ರಲ್ಲಿ ಬಾಸೆಲ್ ವಿಶ್ವವಿದ್ಯಾನಿಲಯದಲ್ಲಿ ಗ್ರೀಕ್ ಭಾಷೆಯ ಅಧ್ಯಾಪಕಸ್ಥಾನವೂ ಲಭಿಸಿತು. ಇನ್ನು ಸುಖವಾಗಿರಬಹುದಾಗಿತ್ತು.

ಅದೇ ವರ್ಷ ಜಿನೀವಾದಲ್ಲಿ ಮೈಕೆಲ್ ಸರ್ವೆಟಸನ ಪ್ರಕರಣ ನಡೆಯಿತು. ಈತನು ಸ್ಪೇನ್ ದೇಶದವನು, ವೈದ್ಯನು; ರಕ್ತವು ಹೃದಯದ ಒಂದು ಭಾಗದಿಂದ ಶ್ವಾಸಕೋಶಗಳ ಮೂಲಕ ಹಾದು ಇನ್ನೊಂದು ಭಾಗಕ್ಕೆ ಸೇರುತ್ತದೆಂಬುದನ್ನು ತನ್ನ ಧರ್ಮಗ್ರಂಥದ ನಡುವೆ ಬರೆದಿಟ್ಟವನು. ದೇವರಲ್ಲಿ ಮೂರು ವ್ಯಕ್ತಿಗಳೆಂಬ ತ್ರಿತ್ವಸಿದ್ಧಾಂತವು ಬೈಬಲಿನಲ್ಲಿಲ್ಲವೆಂದು ವಾದಿಸಿ 1531ರಲ್ಲಿಯೇ ಪುಸ್ತಕ ಬರೆದಿದ್ದನು. ನಮ್ರತೆಯು ಇವನಲ್ಲಿಯೂ ಇರಲಿಲ್ಲ. ಕಾಲ್ವಿನನ ಮಹಾಗ್ರಂಥದ ಅಂಚುಗಳಲ್ಲಿ ನಿಂದೆಯ ಟಿಪ್ಪಣಿಗಳನ್ನು ಬರೆದು ಅವನಿಗೇ ಕಳುಹಿಸಿದ್ದನು. ಸೆರೆಯಲ್ಲಿದ್ದಾಗಲೂ, ಕಾಲ್ವಿನನನ್ನೇ ದಂಡಿಸಿ ಅವನ ಆಸ್ತಿಯನ್ನು ತನಗೆ ಕೊಡಿಸಬೇಕೆಂದು ಅರ್ಜಿ ಹಾಕಿದನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆನ್ನುವವರು ಎರಡು ಪಕ್ಷಗಳಲ್ಲಿಯೂ ಇದ್ದರು. ಬೆಂಕಿಯ ಅಧಿಕಾರವು ಮಾತ್ರ ಒಂದು ಪಕ್ಷದ ಕೈಯಲ್ಲಿತ್ತು.

ಮೊದಲು ಸರ್ವೆಟಸನನ್ನು ಹಿಡಿದವರು ಫ್ರಾನ್ಸಿನ ವಿಯೆನ್ ಪಟ್ಟಣದ ಕೆಥೊಲಿಕ್ ಅಧಿಕಾರಿಗಳು. ಅವನ ಮೇಲಿನ ಸಾಕ್ಷ್ಯವಾಗಿ ಅಲ್ಲಿಗೆ ತಲಪಿದುದು, ಅವನು ಕಾಲ್ವಿನನಿಗೆ ಖಾಸಗಿಯಾಗಿ ಬರೆದಿದ್ದ ಪತ್ರಗಳು. ಅವು ಜಿನೀವಾದಿಂದಲೇ ಹೋದುವು. ಪರಸ್ಪರ ಧರ್ಮದ್ರೋಹಿಗಳೆಂದು ಶಪಿಸುತ್ತಿದ್ದ ಎರಡು ಪಕ್ಷಗಳು ಈ ಒಂದು ಕಾರ್ಯದಲ್ಲಿ ಸಹಕರಿಸಿದುವು! ಸರ್ವೆಟಸನು ಸೆರೆಯಿಂದ ತಪ್ಪಿಸಿಕೊಂಡು ಜಿನೀವಾಕ್ಕೆ ಬಂದು, 1553ನೆಯ ಇಸವಿ ಆಗಸ್ಟ್ 13ರಲ್ಲಿ ಕಾಲ್ವಿನನು ಉಪದೇಶ ಮಾಡುತ್ತಿದ್ದ ಪ್ರಾರ್ಥನಾಮಂದಿರದಲ್ಲಿ ಗುರುತಿಸಲ್ಪಟ್ಟು ಸೆರೆಯಾದನು. ನಗರಸಭೆಯು ಜೂರಿಕ್, ಬರ್ನ್, ಬಾಸೆಲ್, ಶಾಫ್‌ಹೌಸೆನ್ ಎಂಬ ನಾಲ್ಕು ಸಭೆಗಳನ್ನು ಕೇಳಿತು. ನಾಲ್ಕೂ ಅವನನ್ನು ತಪ್ಪಿತಸ್ಥನೆಂದುವು. ದಹನಕ್ಕೆ ಬದಲಾಗಿ ಶಿರಶ್ಛೇದವಾಗಲೆಂದು ಕಾಲ್ವಿನನು ಕೇಳಿಕೊಂಡುದೂ ನಡೆಯಲಿಲ್ಲ. ಅಕ್ಟೋಬರ್ 27ರಲ್ಲಿ ಶಾಂಪೆಲ್ ಎಂಬ ದಿಣ್ಣೆಯ ಮೇಲೆ ಸರ್ವೆಟಸನನ್ನು ಜೀವಸಹಿತ ಸುಟ್ಟರು. ಅವನ ಗ್ರಂಥದ ಪ್ರತಿಗಳನ್ನೂ ಸುಟ್ಟರು. ಇಂದು ಉಳಿದಿರುವುವು ಮೂರೇ.

ಮರುವರ್ಷದ ಮೊದಲಿನಲ್ಲಿ ಕಾಲ್ವಿನನು ಈ ಶಿಕ್ಷೆಯನ್ನು ಸಮರ್ಥಿಸಿ ಗ್ರಂಥ ಬರೆದನು. 1554ರ ಮಾರ್ಚಿ ತಿಂಗಳಿನಲ್ಲಿ, ಪಾಷಂಡಿಗಳನ್ನು ಹಿಂಸಿಸಬಹುದೇ ಎಂಬ ಪ್ರಶ್ನೆಯನ್ನೇ ಹೆಸರಾಗುಳ್ಳ ಇನ್ನೊಂದು ಪುಸ್ತಕವು ಸುಳ್ಳು ಹೆಸರು, ಸುಳ್ಳು ಊರುಗಳೊಡನೆ ಹೊರಬಿದ್ದಿತು. ಬೆಲ್ಲಿಯಸ್ ಎಂಬ ಆ ಹೆಸರಿನ ಹಿಂದೆ ಇದ್ದವನು ಕಾಸ್ಟೆಲಿಯೊ. ಪುಸ್ತಕದ ಬಹುಭಾಗವು ಅವನ ಮಾತಲ್ಲ. ಪ್ರಾಚೀನ ಕ್ರೈಸ್ತಾಚಾರ್ಯರು, ಲೂಥರ್, ಎರಾಸ್ಮಸ್ ಮುಂತಾದವರು ಸೌಮ್ಯತೆಯ ಪರವಾಗಿ ಬರೆದುದನ್ನು ಅವನು ಆಯ್ದು ಜೋಡಿಸಿದ್ದನು. ಅವರ ಸಾಲಿನಲ್ಲಿ ಕಾಲ್ವಿನನೂ ಇದ್ದನು, ತಾನೇ ಹಿಂಸೆಗೆ ಗುರಿಯಾಗಿದ್ದ ಯೌವನದಲ್ಲಿ ಬರೆದ ಮಾತುಗಳೊಡನೆ!

ಆ ಪುಸ್ತಕದ ಪೀಠಿಕೆಯಲ್ಲಿ ಒಂದು ದೃಷ್ಟಾಂತವಿದೆ. ಅದರ ಸಾರವನ್ನು ಹೇಳುತ್ತೇನೆ. ಒಬ್ಬ ರಾಜನು ತಾನು ಯಾವಾಗಲೋ ಬರುವೆನೆಂದೂ, ಪ್ರಜೆಗಳು ಬಿಳಿಯ ಉಡುಪನ್ನು ಸಿದ್ಧಮಾಡಿಕೊಂಡು ಎದುರುಗೊಳ್ಳಬೇಕೆಂದೂ ಹೇಳಿ ಹೋಗುತ್ತಾನೆ. ಪ್ರಜೆಗಳು ಉಡುಪಿನ ಚಿಂತೆಯನ್ನು ಬಿಟ್ಟು, ರಾಜನು ಈಗ ಎಲ್ಲಿದ್ದಾನೆ, ಕುದುರೆಯ ಮೇಲೆ ಬರುವನೋ ರಥದಲ್ಲಿ ಬರುವನೋ, ಎಷ್ಟು ಪರಿವಾರದೊಡನೆ ಬರುವನೋ ಎಂದು ಜಗಳವಾಡಿ, ಗುದ್ದಾಡಿ, ಕೊನೆಗೆ ಕತ್ತಿಯನ್ನೆತ್ತುತ್ತಾರೆ; ಅದನ್ನೂ ರಾಜನ ಹೆಸರಿನಲ್ಲಿಯೇ ಮಾಡುತ್ತಾರೆ. ಪಾಷಂಡಿ ಎಂಬ ಶಬ್ದದ ಅರ್ಥವನ್ನು ತಾನು ಬಹಳ ಹುಡುಕಿದೆನೆಂದೂ, ನಮ್ಮ ಅಭಿಪ್ರಾಯವನ್ನು ಒಪ್ಪದವನೆಂಬುದಕ್ಕಿಂತ ಹೆಚ್ಚಿನ ಅರ್ಥವು ಜನರ ಬಳಕೆಯಲ್ಲಿ ಸಿಕ್ಕಲಿಲ್ಲವೆಂದೂ ಅಲ್ಲಿಯೇ ಹೇಳುತ್ತಾನೆ. ಒಂದು ಊರಿನಲ್ಲಿ ಸದ್ಭಕ್ತನೆನಿಸಿದವನು ಮುಂದಿನ ಊರಿನಲ್ಲಿ ಪಾಷಂಡಿಯಾಗುವನೆಂಬುದು ಅವನ ಕಾಲದ ಪ್ರವಾಸಿಗಳಿಗೆ ನಿತ್ಯಾನುಭವವಾಗಿತ್ತು.

ಕಾಲ್ವಿನನ ಸಹಾಯಕನಾದ ಬೇಜಾ ಎಂಬುವನು ಇದಕ್ಕೆ ಉಗ್ರವಾದ ಉತ್ತರವನ್ನು ಬರೆದನು. ಅಷ್ಟರಲ್ಲಿ ಕಾಸ್ಟೆಲಿಯೊ ಕಾಲ್ವಿನನ ಸಮರ್ಥನಗ್ರಂಥಕ್ಕೆ ಖಂಡನವನ್ನು ಬರೆಯಲು ಕುಳಿತಿದ್ದನು. ನಾನು ಪೂರ್ವಪಕ್ಷದ ಪ್ರಸ್ತಾಪವನ್ನು ಎತ್ತಿದುದು ಈ ಗ್ರಂಥಕ್ಕಾಗಿ. ಅದು ಇಬ್ಬರ ಸಂವಾದದ ರೂಪದಲ್ಲಿದೆ: ಒಬ್ಬನ ಹೆಸರು ಕಾಲ್ವಿನ್, ಇನ್ನೊಬ್ಬನ ಹೆಸರು ವ್ಯಾಟಿಕನಸ್. ಕಾಲ್ವಿನನ ಪಾತ್ರಕ್ಕೆ ಗ್ರಂಥಕಾರನು ತಾನಾಗಿ ಮಾತನ್ನು ಕಟ್ಟಿಕೊಡಲಿಲ್ಲ. ಕಾಲ್ವಿನನ ಪುಸ್ತಕದ ವಾಕ್ಯಗಳನ್ನೇ ಎತ್ತಿ ಮೊದಲಿಟ್ಟು, ಪ್ರತಿಯೊಂದರ ಕೆಳಗೆ ಉತ್ತರವನ್ನು ಬರೆದನು. ತಾನು ಸರ್ವೆಟಸನ ಸಿದ್ಧಾಂತವನ್ನು ಸಮರ್ಥಿಸುತ್ತಿಲ್ಲವೆಂದೂ, ಸಮರ್ಥಿಸಬೇಕೆಂದರೂ ಪುಸ್ತಕಗಳನ್ನು ಸುಟ್ಟಿರುವುದರಿಂದ ಅವನು ಹೇಳಿದುದೇನೆಂದು ತಿಳಿಯುವ ಮಾರ್ಗವಿಲ್ಲವೆಂದೂ ಸ್ಪಷ್ಟಪಡಿಸಿದನು. ಸಿದ್ಧಾಂತಕ್ಕೆ ಸಿದ್ಧಾಂತದಿಂದಲೇ ಉತ್ತರ ಹೇಳಬೇಕು. ಮನುಷ್ಯನನ್ನು ಕೊಂದುದರಿಂದ ಮನುಷ್ಯನು ಸತ್ತನೆಂಬುದಷ್ಟೇ ಸಿದ್ಧವಾಗುತ್ತದೆಂಬುದು ಅವನ ವಾದದ ತಿರುಳು. ಕಾಲ್ವಿನನ ಮಾತಿಗೆ ಅವನು ಕೊಟ್ಟಷ್ಟು ಜಾಗವನ್ನು ಕಾಲ್ವಿನನು ಸರ್ವೆಟಸನ ಮಾತಿಗೆ ಕೊಟ್ಟಿದ್ದರೆ ಶಾಂಪೆಲಿನ ದಿಣ್ಣೆಗೆ ಸೌದೆ ಹೋಗುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ. ಈ ಗ್ರಂಥವು ಲೇಖಕನ ಜೀವಮಾನದಲ್ಲಿ ಬೆಳಕನ್ನು ಕಾಣಲಿಲ್ಲ. 1612ರಲ್ಲಿ ಹಾಲೆಂಡ್ ದೇಶದಲ್ಲಿ ಅಚ್ಚಾಯಿತು.

ಸೌದೆಯ ಮಾತು ಬಂದುದರಿಂದ ಕೊಕ್ಕೆಯ ಉಳಿದ ಕಥೆಯನ್ನೂ ಹೇಳಿಬಿಡುತ್ತೇನೆ. 1558ರ ಸುಮಾರಿಗೆ ಕಾಲ್ವಿನನು ಹೆಸರಿಲ್ಲದ ಒಂದು ಖಂಡನಪುಸ್ತಕವನ್ನು ಕಾಸ್ಟೆಲಿಯೊವಿನದೆಂದು ನಂಬಿ ಉತ್ತರ ಬರೆದಾಗ, ನದಿಯಲ್ಲಿ ಕೊಕ್ಕೆ ಹಾಕಿ ಪರರ ಸೌದೆಯನ್ನು ಕದ್ದವನೆಂದು ಅವನನ್ನು ಜರೆದನು. ತೇಲಿಬಂದ ಮರವು ಹಿಡಿದವನದೆಂಬುದು ಬಾಸೆಲಿನ ದಡದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ವಾದದಲ್ಲಿ ಎದುರಾಳಿಯ ಬಡತನವನ್ನು ಎತ್ತುವವನ ಬತ್ತಳಿಕೆಯು ಬರಿದಾಗಿದೆಯೆಂದು ತಿಳಿಯಬೇಕು. ಕಾಸ್ಟೆಲಿಯೊ ತನ್ನ ಉತ್ತರಕ್ಕೆ 'ಕೊಕ್ಕೆ' ಎಂದೇ ಹೆಸರಿಟ್ಟನು. ಬೈಬಲಿನ ಭಾಷಾಂತರವನ್ನು ಕೈಬಿಡುವುದಕ್ಕಿಂತ ತಿರಿದುಣ್ಣುವುದೇ ಲೇಸೆಂದು ನಿಶ್ಚಯಿಸಿದ್ದ ಕಾಲದಲ್ಲಿ, ಬಿಡುವಿನ ವೇಳೆಯಲ್ಲಿ ಮನೆಯನ್ನು ಬೆಚ್ಚಗಿಡಲು ಹಾಗೆ ಮಾಡಿದೆನೆಂದು ಮರೆಮಾಚದೆ ವಿವರಿಸಿದನು. ಬೈಗುಳಕ್ಕೆ ಬೈಗುಳವನ್ನು ಬರೆಯಲಿಲ್ಲ. 1544ರಲ್ಲಿ ಪಾಲಕರನ್ನು ಸಭೆಯಲ್ಲಿ ನಾಚಿಸಿದ ಯುವಕನು ಈ ಹದಿನಾಲ್ಕು ವರ್ಷಗಳಲ್ಲಿ ಬಹಳ ದೂರ ನಡೆದಿದ್ದನು.

1562ರಲ್ಲಿ ಫ್ರಾನ್ಸ್ ದೇಶದಲ್ಲಿ ಎರಡು ಕ್ರೈಸ್ತಪಕ್ಷಗಳ ನಡುವೆ ಅಂತರ್ಯುದ್ಧವು ಹತ್ತಿದಾಗ ಅವನು ಒಂದು ಸಣ್ಣ ಹಿತವಚನದ ಪುಸ್ತಕವನ್ನು ಬರೆದು, ಇಬ್ಬರಿಗೂ ಒಂದೇ ಪ್ರಶ್ನೆಯನ್ನು ಹಾಕಿದನು: ನಿಮ್ಮ ಮನಸ್ಸಾಕ್ಷಿಯನ್ನು ಇತರರು ಬಲಾತ್ಕರಿಸಿದರೆ ನಿಮಗೆ ಸಮ್ಮತವೇ? ಮರುವರ್ಷ ಅವನ ಮೇಲೆಯೇ ಬಾಸೆಲಿನಲ್ಲಿ ಧರ್ಮದ್ರೋಹದ ದೂರು ಬಂದಿತು. ವಿಚಾರಣೆಯು ಮುಗಿಯುವ ಮೊದಲೇ, 1563ನೆಯ ಡಿಸೆಂಬರ್ 29ರಲ್ಲಿ, ತನ್ನ 48ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಐದು ತಿಂಗಳ ಮೇಲೆ ಕಾಲ್ವಿನನೂ ತೀರಿಕೊಂಡನು.

ಇದೆಲ್ಲ ಬೆಂಕಿ ಕತ್ತಿಗಳ ಕಾಲದ ಮಾತಾಯಿತು, ನಮ್ಮ ಮನೆಗಳಲ್ಲಿ ಯಾರನ್ನು ಯಾರು ಸುಡುತ್ತಾರೆಂದು ಗೃಹಿಣಿಯರು ಕೇಳಬಹುದು. ಸುಡುವುದಿಲ್ಲ, ನಿಜ. ಬೇರೆ ಪಂಥದಿಂದ ಬಂದ ಸೊಸೆಯು ಊಟದ ಹೊತ್ತಿಗೆ ಬಾಯಿ ತೆರೆದರೆ ಮಾವನು ಎದ್ದುಹೋಗುತ್ತಾನೆ. ಚರ್ಚಿಗೆ ಹೋಗುವ ಮನೆಯಲ್ಲಿ ಮಗನೊಬ್ಬನು ಸಂಶಯದ ಪ್ರಶ್ನೆ ಕೇಳಿದರೆ, ಉತ್ತರಕ್ಕೆ ಬದಲಾಗಿ ಅವನಿಗಾಗಿ ಗಟ್ಟಿಯಾಗಿ ಪ್ರಾರ್ಥನೆ ನಡೆಯುತ್ತದೆ. ಮಡಿಯುಟ್ಟವರ ಮನೆಯಲ್ಲಿ ಅಂಥ ಹುಡುಗನಿಗೆ "ನಾಸ್ತಿಕ" ಎಂಬ ಒಂದೇ ಶಬ್ದದಿಂದ ಉತ್ತರವಾಗುತ್ತದೆ. ಶಾಲೆಯ ಚರ್ಚಾಕೂಟದಲ್ಲಿ ನಾನೊಂದು ನಿಯಮವನ್ನಿಟ್ಟಿದ್ದೆನು. ಎದುರಾಳಿಯ ಮಾತನ್ನು ಮೊದಲು ನೀನು ಹೇಳು. "ಹೌದು, ನನ್ನ ಅಭಿಪ್ರಾಯ ಇದೇ" ಎಂದು ಅವನು ಒಪ್ಪಿದ ಮೇಲೆ ನಿನ್ನ ಉತ್ತರವನ್ನು ಆರಂಭಿಸು. ಹುಡುಗರಿಗೆ ಇದು ಬಹಳ ಬೇಸರ. ಅನೇಕ ವೇಳೆ ಆ ಒಪ್ಪಿಗೆಯನ್ನು ಪಡೆಯುವುದರಲ್ಲಿಯೇ ಗಂಟೆ ಹೊಡೆದುಬಿಡುತ್ತಿತ್ತು, ಗೆಲುವುಸೋಲುಗಳ ಪ್ರಸಂಗವೇ ಬರುತ್ತಿರಲಿಲ್ಲ. ಮನೆಯಲ್ಲಿ ಗಂಟೆ ಹೊಡೆಯುವವರಿಲ್ಲ. ಅಡುಗೆಯು ಆರುವುದೊಂದೇ ಭಯ.

ಸರ್ವೆಟಸನನ್ನು ಸುಟ್ಟ 350 ವರ್ಷಗಳ ಅನಂತರ, 1903ರಲ್ಲಿ, ಶಾಂಪೆಲಿನ ಆ ಸ್ಥಳದ ಬಳಿ ಒಂದು ಪ್ರಾಯಶ್ಚಿತ್ತದ ಕಲ್ಲನ್ನು ನಿಲ್ಲಿಸಿದರು. ನಿಲ್ಲಿಸಿದವರು ಕಾಲ್ವಿನನ ಮಾರ್ಗದವರೇ. ತಮ್ಮ ಗುರುವಿನ ಋಣವನ್ನು ಸ್ಮರಿಸಿಯೂ, ಅವನ ತಪ್ಪನ್ನು ತಪ್ಪೆಂದು ಕಲ್ಲಿನ ಮೇಲೆ ಕೆತ್ತಿಸುವುದು ಸಾಮಾನ್ಯವಾದ ಧೈರ್ಯವಲ್ಲ. ನಮ್ಮಲ್ಲಿ ಎಷ್ಟು ಗುರುಪರಂಪರೆಗಳವರು ಹೀಗೆ ಮಾಡಿಯಾರು? ಆದರೆ ಅದು ಆ ಶತಮಾನದ ತಪ್ಪೆಂದು ಆ ಶಾಸನವು ಹೇಳುತ್ತದೆ. ಅದೇ ಶತಮಾನದಲ್ಲಿ, ದಹನವಾದ ಐದು ತಿಂಗಳೊಳಗೆ, ಒಬ್ಬನು ಬಾಸೆಲಿನ ಮುದ್ರಣಾಲಯದಿಂದ ಅದನ್ನು ತಪ್ಪೆಂದು ಸಾರಿದ್ದನು. 2011ರಲ್ಲಿ ಜಿನೀವಾ ನಗರದವರು ಆ ಕಲ್ಲಿನ ಹತ್ತಿರದಲ್ಲಿಯೇ ಸರ್ವೆಟಸನ ಪ್ರತಿಮೆಯನ್ನೂ ಸ್ಥಾಪಿಸಿದರು. ಕಲ್ಲಿನ ಮೇಲೆ ಸರ್ವೆಟಸನ ಹೆಸರಿದೆ, ಕಾಲ್ವಿನನ ಹೆಸರೂ ಇದೆ. ಉಪಾಧ್ಯಾಯನ ಹೆಸರಿಲ್ಲ.